ಮೂರು ಸಲ ಅಳೆದ ಗಾಳಿ

ನಮ್ಮ ಭಾವ ಯಾವುದನ್ನೇ ಆಗಲಿ ಮೂರು ಸಲ ಅಳೆಯದೆ ನಂಬುವವರಲ್ಲ. ಅದು ಅವರ ಸ್ವಭಾವ ಎಂದು ಅಕ್ಕ ಹೇಳುತ್ತಾಳೆ, ಉದ್ಯೋಗ ಎಂದು ಅವರು ಹೇಳುತ್ತಾರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಕೆಲಸ ಅವರದು. ಅಲ್ಲಿ ಅವರು ಒಂದೇ ತೂಕದ ಕಲ್ಲನ್ನು ಮೂರು ಸಲ ತಕ್ಕಡಿಗೆ ಹಾಕುತ್ತಾರೆ, ಮೂರು ಅಂಕಿಯನ್ನೂ ಬರೆದುಕೊಳ್ಳುತ್ತಾರೆ, ಸರಾಸರಿ ತೆಗೆಯುತ್ತಾರೆ, ಆಮೇಲೆ ಮುದ್ರೆ ಒತ್ತುತ್ತಾರೆ. ತಪ್ಪು ತಕ್ಕಡಿಯೊಂದು ಅವರ ಕೈ ದಾಟಿ ಹೋದದ್ದು ಇವತ್ತಿನವರೆಗೆ ಇಲ್ಲ.

ಮನೆಯಲ್ಲೂ ಅದೇ ಕಾನೂನು. ಯಾರಿಗಾದರೂ ಜ್ವರ ಬಂದರೆ ಥರ್ಮಾಮೀಟರು ಮೂರು ಸಲ ಬಾಯಿಗೆ ಹೋಗಬೇಕು. ಮೂರನೆಯ ಸಲಕ್ಕೆ ಜ್ವರವೇ ಬೇಸತ್ತು ಇಳಿದಿರುತ್ತದೆ. ಮದುವೆಗೆ ಮುಂಚೆ ಅಕ್ಕನನ್ನು ನೋಡಲು ಮೂರು ಸಲ ಬಂದಿದ್ದರು. ಮೂರನೆಯ ಸಲ ಅಕ್ಕನೇ ಬಾಗಿಲಿಗೆ ಬಂದು, "ಸರಾಸರಿ ಸರಿಯಾಗಿ ಬಂತಾ?" ಎಂದು ಕೇಳಿದ್ದಳು. ಅದಾದ ಮೇಲೆ ಮದುವೆ ತಡವಾಗಲಿಲ್ಲ.

ನನಗೆ ಈ ಊರಿಗೆ ವರ್ಗವಾದಾಗಿನಿಂದ ಅವರ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಅಕ್ಕನ ಕೈ ಊಟ ಉಣ್ಣುವವನು ಭಾವ ಕರೆದಾಗ ಇಲ್ಲ ಎನ್ನುವಂತಿಲ್ಲ. ಹೀಗಾಗಿ ಮುಂದೆ ನಡೆದದ್ದಕ್ಕೆಲ್ಲ ನಾನೇ ಗುಮಾಸ್ತ, ನಾನೇ ಸಾಕ್ಷಿ.

ಅಳೆದೂ ಸುರಿದೂ ಎಂಟು ತಿಂಗಳು ಕಳೆದ ಮೇಲೆ ಭಾವ ಒಬ್ಬ ಡಾಕ್ಟರ ಹಳೆಯ ಕಾರನ್ನು ಮನೆಗೆ ತಂದರು. ಅದನ್ನು ನಮ್ಮ ಮನೆಗೂ ಪಕ್ಕದ ಬಡಗಿಯ ಶೆಡ್ಡಿಗೂ ನಡುವಿನ ಓಣಿಯಲ್ಲಿ ನಿಲ್ಲಿಸುತ್ತಿದ್ದರು. ಕಾರಿನ ಎಡಕ್ಕೆ ಶೆಡ್ಡು, ಬಲಕ್ಕೆ ನಮ್ಮ ಅಡುಗೆಮನೆಯ ಗೋಡೆ. ಬಂದ ಒಂಬತ್ತನೆಯ ದಿನ, ಆಫೀಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ಎಡಗಡೆಯ ಮುಂದಿನ ಚಕ್ರ ನೆಲಕ್ಕೆ ಕುಳಿತುಬಿಟ್ಟಿತು.

ನಮ್ಮ ಬೀದಿಯ ತಿರುವಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಹೆಂಗಸನ್ನು ಎಲ್ಲರೂ ಪಂಕ್ಚರಮ್ಮ ಎನ್ನುತ್ತಾರೆ. ಅಂಗಡಿ ಗಂಡನಿಂದ ಬಂದದ್ದು, ನಾಲಗೆ ಅಪ್ಪನಿಂದ. ಆಕೆ ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಒಂದು ಕಡೆಯಿಂದ ಗುಳ್ಳೆ ಎದ್ದಿತು. ಟೈರಿನ ಒಳಗೆ ಹಳೆಯ ಬಟ್ಟೆ ಹಾಕಿ ಸುತ್ತ ಸವರಿದಳು. ಬಟ್ಟೆ ಸಿಕ್ಕಿಕೊಂಡ ಜಾಗದಿಂದ ಸಣ್ಣ ಮೊಳೆಯೊಂದನ್ನು ಕಿತ್ತು ಭಾವನ ಅಂಗೈಗೆ ಹಾಕಿದಳು.

"ಇದನ್ನ ಒಳಗೇ ಬಿಟ್ಟು ಟ್ಯೂಬಿಗೆ ಪ್ಯಾಚ್ ಹಾಕಿದ್ರೆ ನಾಳೆ ಮತ್ತೆ ಬರ್ತೀರ. ಕೇಳಿಸ್ಕೊಳ್ಳಿ ಸಾರ್. ಫುಟ್‌ಪಾತಿನ ಅಂಚಿಗೆ ಚಕ್ರ ಉಜ್ಜಬೇಡಿ. ಗಾಳಿ ಕಮ್ಮಿ ಇಟ್ಕೊಂಡು ಓಡಿಸಬೇಡಿ. ಹದಿನೈದು ದಿನಕ್ಕೊಂದು ಸಲ, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಗಾಳಿ ನೋಡಿಸಿ. ನೋಡಿದ ಮೇಲೆ ವಾಲ್ವಿನ ಮುಚ್ಚಳ ಹಾಕೋದು ಮರೀಬೇಡಿ. ಇಷ್ಟು ಮಾಡಿದ್ರೆ ನನ್ನ ಮುಖ ನೋಡೋ ಕಷ್ಟ ಇರಲ್ಲ."

ಮನೆಗೆ ಬರುವ ದಾರಿಯಲ್ಲಿ ಭಾವ ಬಾಯಲ್ಲೇ ಲೆಕ್ಕ ಹಾಕಿದರು. ಹದಿನೈದು ದಿನಕ್ಕೊಂದು ಸಲ ನೋಡಿದರೆ ಇಷ್ಟು ಕ್ಷೇಮ. ದಿನಕ್ಕೆ ಎರಡು ಸಲ ನೋಡಿದರೆ ಮೂವತ್ತು ಪಟ್ಟು ಕ್ಷೇಮ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಭಾವನ ಲೆಕ್ಕದಲ್ಲಿ ಯಾವತ್ತೂ ತಪ್ಪಿರುವುದಿಲ್ಲ, ಅದೇ ತೊಂದರೆ.

ಮರುದಿನವೇ ಪೆನ್ನಿನಂಥ ಒಂದು ಗಾಳಿ ಮೀಟರು ಬಂತು. ಸಲಸಲಕ್ಕೂ ಮುಚ್ಚಳ ತಿರುಗಿಸಿ ತೆಗೆದು ಹಾಕುವುದು ಕಿರಿಕಿರಿ ಎಂದು ನಾಲ್ಕೂ ಮುಚ್ಚಳ ಬಿಚ್ಚಿ, ಒಂದರಿಂದ ನಾಲ್ಕರವರೆಗೆ ಅಂಕಿ ಅಂಟಿಸಿ, ಒಂದು ಪುಟ್ಟ ಡಬ್ಬಿಯಲ್ಲಿ ಜೋಪಾನ ಮಾಡಿದರು. ಎಡಗಡೆಯ ಮುಂದಿನ ಚಕ್ರಕ್ಕೆ ಹಳೆಯ ಅಪರಾಧದ ದಾಖಲೆ ಇದ್ದುದರಿಂದ ಅದಕ್ಕೆ ಬೆಳಿಗ್ಗೆ ಮತ್ತು ಸಂಜೆ ವಿಚಾರಣೆ. ಉಳಿದ ಮೂರಕ್ಕೆ ಭಾನುವಾರ ಮಾತ್ರ.

ಭಾವ ಮಂಡಿಯೂರಿ ಕೂತು ಮೀಟರನ್ನು ವಾಲ್ವಿಗೆ ಒತ್ತುತ್ತಿದ್ದರು. ಬುಸ್ ಎನ್ನುತ್ತಿತ್ತು. ಅವರು ಅಂಕಿ ಹೇಳುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮತ್ತೆ ಬುಸ್, ಮತ್ತೆ ಅಂಕಿ. ಮತ್ತೂ ಒಂದು ಬುಸ್. ಮೂರು ಅಂಕಿಗಳ ನಡುವೆ ಚೂರು ಚೂರು ವ್ಯತ್ಯಾಸ ಇರುತ್ತಿತ್ತು.

"ಕೈ ಅಂದ್ಮೇಲೆ ನಡುಗತ್ತೆ ಕಣೋ, ಅದಕ್ಕೇ ಸರಾಸರಿ ಅಂತ ಇರೋದು. ಬರ್ಕೋ," ಎನ್ನುತ್ತಿದ್ದರು ಭಾವ.

ಒಂದು ವಾರ ಕಳೆಯುವಷ್ಟರಲ್ಲಿ ಅದೇ ಚಕ್ರ ಮತ್ತೆ ಕುಳಿತಿತು. ಪಂಕ್ಚರಮ್ಮ ಟ್ಯೂಬನ್ನು ತೊಟ್ಟಿಯಲ್ಲಿ ಎರಡು ಸುತ್ತು ತಿರುಗಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ತೂತೇ ಇಲ್ಲ ಸಾರ್."

"ತೂತಿಲ್ಲದೆ ಗಾಳಿ ಹ್ಯಾಗೆ ಹೋಯ್ತು?"

"ಅದನ್ನ ಗಾಳೀನೇ ಕೇಳಿ. ಮುಚ್ಚಳ ಎಲ್ಲಿ?"

"ಜೋಪಾನವಾಗಿದೆ," ಎಂದರು ಭಾವ ಗಂಭೀರವಾಗಿ.

ತೂತಿಲ್ಲದೆ ಗಾಳಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಎರಡೇ ದಿನದಲ್ಲಿ ಇಡೀ ಬೀದಿಯ ಪ್ರಶ್ನೆಯಾಯಿತು. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಬಿಸಿಲಿಗೆ ಗಾಳಿ ಹಿಗ್ಗಿ ರಬ್ಬರಿನ ಮೂಲಕವೇ ಬೆವರಿದಂತೆ ಹೊರಬರುತ್ತದೆ ಎಂದರು. ನೆರಳಿನಲ್ಲಿ ನಿಂತ ಕಾರಿಗೆ ಬಿಸಿಲೆಲ್ಲಿಯದು ಎಂದು ಕೇಳಿದ್ದಕ್ಕೆ, ಹಾಗಾದರೆ ನೆರಳಿಗೆ ಕುಗ್ಗಿರಬೇಕು ಎಂದರು. ಹಿಂದಿನ ಬೀದಿಯ ದರ್ಜಿ, ಡಾಕ್ಟರ ಕಾರಲ್ಲವೇ, ಅದಕ್ಕೆ ಆಗಾಗ ಮಲಗುವವರನ್ನು ನೋಡಿ ಅಭ್ಯಾಸವಾಗಿದೆ ಎಂದ.

"ಈ ಮನೇಲಿ ದಿನಾ ಮೂರು ಸಲ ಅಳೆಸ್ಕೊಂಡು ಇರೋಕೆ ಯಾರಿಗೆ ಆಗತ್ತೆ? ಗಾಳಿ ಜಾಣತನ ಮಾಡಿದೆ, ಹೋಗಿದೆ," ಎಂದಳು ಅಕ್ಕ. ನಿಜ ಹೇಳಬೇಕೆಂದರೆ ಸತ್ಯಕ್ಕೆ ಅತಿ ಹತ್ತಿರ ಬಂದವಳು ಅವಳೇ, ಆದರೆ ಅವಳು ಹೇಳಿದ್ದು ತಮಾಷೆಗೆ, ನಾವು ನಕ್ಕದ್ದೂ ತಮಾಷೆಗೆ.

ಪೋಸ್ಟ್‌ಮಾಸ್ಟರು ವಾಕಿಂಗ್ ಮುಗಿಸಿ ಬರುವಾಗ, "ಎಲ್ಲಿ, ನಾನೂ ಒಂದು ಸಲ ನೋಡ್ತೀನಿ," ಎಂದು ಮೀಟರು ಕೈಗೆ ತೆಗೆದುಕೊಳ್ಳತೊಡಗಿದರು. ಭಾವನ ಮನೆಯಲ್ಲಿ ಒಂದು ಸಲ ಎಂಬುದು ಇಲ್ಲವಾದ್ದರಿಂದ ಅವರೂ ಮೂರು ಸಲ ಒತ್ತಿದರು. ಚಕ್ರ ಈಗ ನಾಲ್ಕೈದು ದಿನಕ್ಕೊಮ್ಮೆ ಕೂರತೊಡಗಿತು.

ಈಗ ಬಡಗಿಯವರ ವಿಷಯಕ್ಕೆ ಬರುತ್ತೇನೆ. ಹದಿನೆಂಟು ವರ್ಷದಿಂದ ಅವರ ಶೆಡ್ಡು ಅಲ್ಲೇ ಇದೆ. ನಮ್ಮ ಮನೆಯ ಕಿಟಕಿ, ಬಾಗಿಲು, ನಾನು ಮಲಗುವ ಮಂಚ ಎಲ್ಲ ಅವರ ಕೈಯವೇ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಸಂಜೆ ಭಾವ ಆ ಶೆಡ್ಡಿಗೆ ಹೋಗಿ ಅವರ ಜೊತೆ ಚದುರಂಗ ಆಡುತ್ತಿದ್ದರು. ಹಲಗೆಯೂ ಕಾಯಿಗಳೂ ಬಡಗಿಯವರೇ ಮಾಡಿದ್ದವು. ಒಂದು ಬಿಳಿ ಕುದುರೆಗೆ ಕಿವಿ ಮುರಿದಿತ್ತು. ಭಾವನಿಗೆ ಆ ಒಂದೂವರೆ ಗಂಟೆ ಬಿಟ್ಟರೆ ವಾರದಲ್ಲಿ ಬೇರೆ ಸುಖ ಇರಲಿಲ್ಲ. ಅಲ್ಲಿ ಮಾತ್ರ ಅವರು ಏನನ್ನೂ ಅಳೆಯುತ್ತಿರಲಿಲ್ಲ.

ಟೈರಿನಲ್ಲಿ ಮೊಳೆ ಸಿಕ್ಕ ವಾರವೇ ಭಾವ ಅದನ್ನು ಚದುರಂಗದ ಹಲಗೆಯ ಮೇಲಿಟ್ಟು, "ಮೇಸ್ತ್ರಿ, ಇದು ನಿಮ್ಮದಾ ನೋಡಿ," ಎಂದಿದ್ದರು.

ಬಡಗಿಯವರು ಕನ್ನಡಕ ಏರಿಸಿ ನೋಡಿ, "ನಮ್ಮದೇ ಸಾರ್, ಮುಕ್ಕಾಲಿಂಚಿನದು. ತಪ್ಪಾಯ್ತು. ನಾಳೆಯಿಂದ ಓಣಿಯೆಲ್ಲ ಅಯಸ್ಕಾಂತ ಎಳೀತೀನಿ," ಎಂದು ಹೇಳಿದ್ದರು. ಹೇಳಿದಂತೆ ಮಾಡಿದರು ಕೂಡ. ದಿನಾ ಸಂಜೆ ಹಗ್ಗಕ್ಕೆ ದೊಡ್ಡ ಅಯಸ್ಕಾಂತ ಕಟ್ಟಿ, ನಾಯಿಮರಿಯನ್ನು ಅಡ್ಡಾಡಿಸುವ ಹಾಗೆ ಓಣಿಯ ಉದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದರು. ಅದಾದ ಮೇಲೆ ಒಂದು ಮೊಳೆಯೂ ಚಕ್ರಕ್ಕೆ ಸಿಗಲಿಲ್ಲ.

ಮೊಳೆ ಸಿಗದದ್ದೇ ಭಾವನ ಅನುಮಾನಕ್ಕೆ ಮೊಳೆ ಹೊಡೆಯಿತು. ಐದನೆಯ ಸಲ ಚಕ್ರ ಕುಳಿತ ಮೇಲಿನ ಭಾನುವಾರ, ಇನ್ನೂ ಕಾಯಿ ಜೋಡಿಸುತ್ತಿರುವಾಗಲೇ ಶುರುಮಾಡಿದರು.

"ಮೇಸ್ತ್ರಿ, ತೂತಿಲ್ಲ. ಮೊಳೆ ಇಲ್ಲ. ಆದ್ರೂ ಗಾಳಿ ಹೋಗ್ತಿದೆ. ಅದೂ ನಿಮ್ಮ ಕಡೆ ಇರೋ ಚಕ್ರದ್ದೇ. ಅಂದ್ರೆ ಯಾರೋ ಕೈಯಿಂದ ಬಿಡ್ತಿದ್ದಾರೆ ಅಂತ ಆಯ್ತು."

"ಯಾರು ಸಾರ್?"

"ಓಣೀಲಿ ಇರೋರು ಇಬ್ಬರು. ನಾನಂತೂ ಅಲ್ಲ."

ಬಡಗಿಯವರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. ಆಮೇಲೆ ಎಲ್ಲ ಕಾಯಿಗಳನ್ನೂ ಒಂದೊಂದಾಗಿ ಡಬ್ಬಿಗೆ ಹಾಕಿ, ಹಲಗೆ ಮಡಚಿ, ಎತ್ತಿ ಅಟ್ಟದ ಮೇಲಿಟ್ಟರು.

"ನಿಮ್ಮ ಮನೆಗೆ ಬಾಗಿಲು ಮಾಡಿದವನು ನಾನು. ನನಗೆ ನಿಮ್ಮ ಗಾಳಿ ಯಾಕೆ ಬೇಕು ಸಾರ್?" ಎಂದರು.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ತೂತೇ ಇಲ್ಲದೆ ಎರಡು ಮನೆ ಕೆಟ್ಟವು. ಭಾವ ಆ ಸಂಜೆಯೇ ನಗರಸಭೆಗೆ ದೂರು ಬರೆದರು: ಶೆಡ್ಡಿನಿಂದ ವಾಹನಕ್ಕೆ ಪದೇಪದೇ ಹಾನಿ, ತಕ್ಷಣ ಬೇರೆಡೆಗೆ ಸಾಗಿಸಬೇಕು. ಮೂರು ಪ್ರತಿ. ಅಕ್ಕ ಎರಡು ದಿನ ಅವರ ಜೊತೆ ಮಾತು ಬಿಟ್ಟಳು. ಅವರು ಮೂರನೆಯ ದಿನಕ್ಕಾಗಿ ಕಾದರು.

ಗುರುವಾರ ಬೆಳಿಗ್ಗೆ ನಗರಸಭೆಯ ಅಧಿಕಾರಿ ದಪ್ಪ ಫೈಲಿನೊಂದಿಗೆ ಬಂದರು. ಓಣಿಯಲ್ಲೇ ವಿಚಾರಣೆ. ಬೀದಿಯಲ್ಲಿ ಅಷ್ಟು ಜನಕ್ಕೆ ಸಾಕಾಗುವ ಕುರ್ಚಿ ಇದ್ದದ್ದು ಶೆಡ್ಡಿನಲ್ಲಿ ಮಾತ್ರ. ಹಾಗಾಗಿ ಆರೋಪಿಯೇ ಕುರ್ಚಿ ತಂದು ಹಾಕಿ, ಒಂದೊಂದನ್ನೂ ಹೆಗಲ ಬಟ್ಟೆಯಿಂದ ಒರೆಸಿ, ತಾವು ಮಾತ್ರ ನಿಂತುಕೊಂಡರು. ಪೋಸ್ಟ್‌ಮಾಸ್ಟರು ಸಾಕ್ಷಿ. ಪಂಕ್ಚರಮ್ಮ ತಜ್ಞೆ, ಅಂಗಡಿ ಬಿಟ್ಟು ಬರಬೇಕಾಯಿತೆಂದು ಗೊಣಗುತ್ತ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಂದಿದ್ದಳು.

"ದೂರು ಸಾಬೀತಾದ್ರೆ ಶೆಡ್ಡು ತಿಂಗಳೊಳಗೆ ಎತ್ತಬೇಕಾಗತ್ತೆ. ತಿಳೀತಲ್ಲ?" ಎಂದು ಅಧಿಕಾರಿ ಬಡಗಿಯವರಿಗೆ ಹೇಳಿ, ಭಾವನ ಕಡೆ ತಿರುಗಿದರು. "ಪುರಾವೆ ಏನಿದೆ?"

ಭಾವ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಲವತ್ತೊಂದು ದಿನದ ಅಳತೆ, ಕೆಂಪು ಗೆರೆ, ಸರಾಸರಿ, ಸಾಕ್ಷಿಗಳ ಸಹಿ. ಅಧಿಕಾರಿ ಪುಟ ತಿರುವಿ, "ನಮ್ಮ ಕಚೇರೀಲಿ ಇಂಥ ಒಂದು ಪುಸ್ತಕ ಇಲ್ಲ," ಎಂದು ಮೆಚ್ಚಿದರು. ಭಾವನ ಮುಖ ಅರಳಿತು.

"ನಾನೂ ನೋಡಬಹುದಾ?" ಎಂದು ಕೇಳಿದರು ಬಡಗಿಯವರು.

ಕನ್ನಡಕ ಏರಿಸಿ, ಮರದ ಎಳೆ ನೋಡುವವರ ಹಾಗೆ ಪುಟದ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಎಳೆದರು. ಇನ್ನೊಂದು ಪುಟದಲ್ಲೂ ಎಳೆದರು.

"ಸಾರ್, ಮೊದಲನೇ ಸಲ ಮೂವತ್ತು. ಎರಡನೇ ಸಲ ಇಪ್ಪತ್ತೊಂಬತ್ತೂವರೆ. ಮೂರನೇ ಸಲ ಇಪ್ಪತ್ತೊಂಬತ್ತು. ಈ ಪುಟದಲ್ಲಿ ಇಪ್ಪತ್ತಾರು, ಇಪ್ಪತ್ತೈದೂವರೆ, ಇಪ್ಪತ್ತೈದು. ಎಲ್ಲಾ ಕಡೆ ಮೂರನೇದೇ ಕಮ್ಮಿ ಇದೆಯಲ್ಲ?"

"ಕೈ ನಡುಗತ್ತೆ ಮೇಸ್ತ್ರಿ. ಅದಕ್ಕೇ ಸರಾಸರಿ."

"ನಡುಗೋ ಕೈ ಒಂದ್ಸಲ ಮೇಲೆ, ಒಂದ್ಸಲ ಕೆಳಗೆ ನಡುಗಬೇಕು. ನಲವತ್ತೊಂದು ದಿನ ಒಂದೇ ಕಡೆಗೆ ನಡುಗತ್ತಾ ಸಾರ್?"

ಭಾವ ಪುಸ್ತಕ ವಾಪಸು ತೆಗೆದುಕೊಂಡು ತಾವೂ ಪುಟದ ಮೇಲೆ ಬೆರಳು ಎಳೆದರು. ಅಧಿಕಾರಿಗೆ ಕುತೂಹಲ ತಡೆಯಲಾಗಲಿಲ್ಲ. ಫೈಲು ಕುರ್ಚಿಯ ಮೇಲಿಟ್ಟು, "ಒಂದು ಸಲ ಅಳೆದು ತೋರಿಸಿ ನೋಡೋಣ," ಎಂದರು. ಭಾವ ಮಂಡಿಯೂರಿದರು. ಬುಸ್ ಎಂದಿತು.

"ಈಗ ಬುಸ್ ಅಂದಿತಲ್ಲ, ಅದೇನು?" ಎಂದಳು ಪಂಕ್ಚರಮ್ಮ.

"ಅದು ಮೀಟರಿನ ಶಬ್ದ."

"ಮೀಟರಿಗೆ ಮೂಗಿದೆಯಾ ಉಸಿರು ಬಿಡೋಕೆ? ಅದು ನಿಮ್ಮ ಚಕ್ರದ ಗಾಳಿ ಸಾರ್! ಪ್ರತಿ ಸಲ ಒತ್ತಿದಾಗ ಚೂರು ಹೊರಗೆ ಬರತ್ತೆ. ಹದಿನೈದು ದಿನಕ್ಕೊಂದು ಸಲ ಆದ್ರೆ ಚಿಂತೆಯಿಲ್ಲ. ನೀವು ದಿನಕ್ಕೆ ಎಷ್ಟು ಸಲ ಒತ್ತುತ್ತೀರ?"

"ಮೊದಲು ಆರು," ಎಂದೆ ನಾನು ಗುಮಾಸ್ತನ ನಿಷ್ಠೆಯಿಂದ. "ಈಗ ಪೋಸ್ಟ್‌ಮಾಸ್ಟರದ್ದೂ ಸೇರಿ ಒಂಬತ್ತು." ಪೋಸ್ಟ್‌ಮಾಸ್ಟರು ತಮ್ಮ ಕುರ್ಚಿಯನ್ನು ಎರಡಂಗುಲ ಹಿಂದಕ್ಕೆ ಸರಿಸಿದರು.

ಭಾವ ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ಕಲ್ಲನ್ನು ತೂಗಿದ್ದೇನೆ, ತೂಗಿದ್ದಕ್ಕೆ ಒಂದು ಕಲ್ಲೂ ಸವೆದಿಲ್ಲ ಎಂದರು. ಪಂಕ್ಚರಮ್ಮ ಸ್ಪ್ಯಾನರಿನಿಂದ ಕಾರಿನ ಮೂಲೆಗಳನ್ನು ತೋರಿಸಿದಳು.

"ಹಂಗಾದ್ರೆ ಪರೀಕ್ಷೆ ಮಾಡಿ. ಎರಡಕ್ಕೂ ಮೂವತ್ತು ತುಂಬ್ತೀನಿ. ಈ ಎಡ ಮುಂದಿನದನ್ನ ಸೋಮವಾರದ ತನಕ ಯಾರೂ ಮುಟ್ಟಬೇಡಿ. ಅಳೆಯೋ ಚಪಲ ಎಲ್ಲಾನೂ ಆ ಬಲ ಹಿಂದಿನದರ ಮೇಲೆ ತೀರಿಸ್ಕೊಳ್ಳಿ. ಮೊದಲು ಮುಚ್ಚಳ ತನ್ನಿ."

ಡಬ್ಬಿ ತೆರೆದಾಗ ಮೂರೇ ಮುಚ್ಚಳ ಇದ್ದವು. ಒಂದನೆಯ ಅಂಕಿಯದೇ ಮಾಯ. ಜೋಪಾನ ಮಾಡಿದ ವಸ್ತುಗಳ ಹಣೆಬರಹವೇ ಅಷ್ಟು. ಭಾವ ಎಡ ಮುಂದಿನ ವಾಲ್ವಿಗೆ ದಾರ ಸುತ್ತಿ, ಮೇಲೆ ಮೇಣದಬತ್ತಿ ಕರಗಿಸಿ, ತಮ್ಮ ಅಂಗಿಯ ಗುಂಡಿಯನ್ನು ಒತ್ತಿ ಮುದ್ರೆ ಹಾಕಿದರು. ಇಲಾಖೆಯ ಮುದ್ರೆಯನ್ನು ಸ್ವಂತಕ್ಕೆ ಬಳಸುವ ಮನುಷ್ಯ ಅವರಲ್ಲ.

ಆ ನಾಲ್ಕು ದಿನ ಬೀದಿಗೆ ಬೇರೆ ಕೆಲಸವೇ ಇರಲಿಲ್ಲ. ಹೋಗುವವರು ಬರುವವರು ಓಣಿಗೆ ಇಣುಕಿ, "ಈಗೆಷ್ಟು?" ಎಂದು ಕೇಳುತ್ತಿದ್ದರು. ಭಾವ ಬಲ ಹಿಂದಿನ ಚಕ್ರವನ್ನು ಬೆಳಿಗ್ಗೆ ಮೂರು, ಸಂಜೆ ಮೂರು ಸಲ ಅಳೆದರು. ದರ್ಜಿ ಒಂದು ದಿನ ಬಂದು ಮೂರು ಸಲ ಅಳೆದ, ಪೋಸ್ಟ್‌ಮಾಸ್ಟರು ಮನಸ್ಸು ತಡೆಯಲಾರದೆ ಉಳಿದ ದಿನಗಳ ಮೂರನ್ನು ಪೂರೈಸಿದರು. ಆದರೆ ಶೆಡ್ಡಿನಿಂದ ಗರಗಸದ ಸದ್ದೇ ಬರಲಿಲ್ಲ. ಯಾರೋ ಬಾಗಿಲು ಮಾಡಿಸಲು ಬಂದಾಗ ಬಡಗಿಯವರು, "ಮುಂದಿನ ತಿಂಗಳು ನಾನು ಇಲ್ಲೇ ಇರ್ತೀನೋ ಇಲ್ಲವೋ, ಬೇರೆಯವರ ಹತ್ರ ಕೇಳಿ," ಎಂದು ವಾಪಸು ಕಳಿಸಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಅಕ್ಕ ಸೌಟು ಹಿಡಿದುಕೊಂಡೇ ಭಾವನನ್ನು ನೋಡಿದಳು. ಭಾವ ಅವತ್ತು ಊಟ ಅರ್ಧಕ್ಕೆ ಬಿಟ್ಟು ಎದ್ದರು.

ಸೋಮವಾರ ಬೆಳಿಗ್ಗೆ ಎಲ್ಲರೂ ಮತ್ತೆ ಸೇರಿದರು. ಬಲ ಹಿಂದಿನ ಚಕ್ರ ನೆಲ ಹಿಡಿದು ಕುಳಿತಿತ್ತು. ಅಧಿಕಾರಿ ಅದರ ಸುತ್ತ ನಡೆದು, ಪೆನ್ನು ತೆಗೆದು ಕೇಳಿದರು.

"ಈ ಚಕ್ರದ ಪಕ್ಕದ ಗೋಡೆ ಯಾರದು?"

"ನಮ್ಮದೇ. ಅಡುಗೆಮನೆ," ಎಂದರು ಭಾವ ಮೆಲ್ಲಗೆ.

"ಹಾಗಾದ್ರೆ ಈ ಸಲ ಗಾಳಿ ಬಿಟ್ಟವಳು ನಾನೇ ಇರ್ಬೇಕು," ಎಂದಳು ಅಕ್ಕ ಕಿಟಕಿಯಿಂದ. "ಬರ್ಕೊಳ್ಳಿ ಸಾರ್, ನನ್ನ ಅಡುಗೆಮನೇನೂ ತಿಂಗಳೊಳಗೆ ಎತ್ತಿಸಿ. ಪುಣ್ಯ ಬರತ್ತೆ."

ಎಡ ಮುಂದಿನ ಚಕ್ರದ ಗುಂಡಿಯ ಗುರುತು ಹಾಗೆಯೇ ಇತ್ತು. ಭಾವನೇ ಮೇಣ ಬಿಡಿಸಿದರು. ಪಂಕ್ಚರಮ್ಮ ತನ್ನ ಮೀಟರು ಒತ್ತಿದಳು. ಮೂವತ್ತಕ್ಕೆ ಒಂದು ಕೂದಲೆಳೆ ಕಡಿಮೆ. ಭಾವನ ಕೈ ಅಭ್ಯಾಸಬಲದಿಂದ ಎರಡನೆಯ ಅಳತೆಗೆ ಮುಂದೆ ಹೋಯಿತು.

"ಕೈ!" ಎಂದು ಆಕೆ ಸ್ಪ್ಯಾನರ್ ಎತ್ತಿದಳು. ಬೀದಿಗೆ ಬೀದಿಯೇ ನಕ್ಕಿತು. ಬಡಗಿಯವರು ಮಾತ್ರ ನಗಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮೇಯ್ದದ್ದು ತಾನೇ ಎಂದು ಬೇಲಿ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅವತ್ತೇ. ಭಾವ ಒಳಗೆ ಹೋದರು. ಕಾಲು ಗಂಟೆಯ ಮೇಲೆ ಮೂರು ಪ್ರತಿ ಹಿಡಿದು ಬಂದು, ಎಲ್ಲರ ಎದುರು ನಿಂತು ಗಟ್ಟಿಯಾಗಿ ಓದಿದರು. "ಸದರಿ ಗಾಳಿಯನ್ನು ಬಿಟ್ಟವನು ನಾನೇ. ಸುಳ್ಳು ಅಳತೆಯ ಮೇಲೆ ಒಬ್ಬ ಸಂಭಾವಿತರನ್ನು ದೂರಿದ್ದೇನೆ. ಇಂಥ ತಪ್ಪು ಅಂಗಡಿಯವನು ಮಾಡಿದ್ದರೆ ನಾನು ಅವನ ತಕ್ಕಡಿ ಕಿತ್ತುಕೊಳ್ಳುತ್ತಿದ್ದೆ." ಗಾಳಿ ಮೀಟರನ್ನು ಜೇಬಿನಿಂದ ತೆಗೆದು ಪಂಕ್ಚರಮ್ಮನಿಗೆ ಒಪ್ಪಿಸಿದರು. ನನಗೆ ಅವರ ಮೇಲೆ ಅಷ್ಟು ದಿನ ಬಂದಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಅಧಿಕಾರಿ ಒಂದು ಪ್ರತಿ ತೆಗೆದುಕೊಂಡು, "ಸ್ವಂತ ಗಾಳಿ ತಾನೇ ಬಿಟ್ಟುಕೊಂಡಿದ್ದಕ್ಕೆ ನಮ್ಮಲ್ಲಿ ಯಾವ ಶಿಕ್ಷೇನೂ ಇಲ್ಲ. ದೂರು ವಜಾ," ಎಂದು ಫೈಲು ಕಟ್ಟಿದರು. ಶೆಡ್ಡು ಉಳಿಯಿತು. ಬಡಗಿಯವರು ಯಾರ ಮುಖವನ್ನೂ ನೋಡದೆ ಕುರ್ಚಿಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದರು. ಭಾವ ಒಂದು ಕುರ್ಚಿ ಎತ್ತಲು ಹೋದಾಗ, "ಬಿಡಿ ಸಾರ್, ಕೈ ನಡುಗತ್ತೆ," ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಪೋಸ್ಟ್‌ಮಾಸ್ಟರು ನನ್ನ ಕಿವಿಯಲ್ಲಿ ಹೇಳಿದರು. ಒಂಬತ್ತರಲ್ಲಿ ಮೂರು ಅವರದು ಎಂಬುದನ್ನು ಮರೆತಂತಿತ್ತು.

ಭಾನುವಾರ ಸಂಜೆ ಆಯಿತು. ಭಾವ ಚಪ್ಪಲಿ ಹಾಕಿದರು, ಬಿಟ್ಟರು, ಮತ್ತೆ ಹಾಕಿದರು, ಮತ್ತೆ ಬಿಟ್ಟರು. ಮೂರನೆಯ ಸಲ ಹಾಕಿದಾಗ ಅಕ್ಕ ಅವರನ್ನು ಬೆನ್ನ ಮೇಲೆ ಕೈಯಿಟ್ಟು ಬಾಗಿಲಾಚೆ ತಳ್ಳಿದಳು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದರು.

ಶೆಡ್ಡಿನಲ್ಲಿ ಮರದ ಹೊಟ್ಟಿನ ವಾಸನೆ. ಬಡಗಿಯವರು ಏನೋ ಚಿಕ್ಕದನ್ನು ಉಜ್ಜುತ್ತ ಕುಳಿತಿದ್ದರು. ನಮ್ಮನ್ನು ನೋಡಿಯೂ ಉಜ್ಜುವುದನ್ನು ನಿಲ್ಲಿಸಲಿಲ್ಲ. ಭಾವ ನಿಂತೇ ಇದ್ದರು. ಏನು ಹೇಳಬೇಕೆಂದು ವಾರವಿಡೀ ಯೋಚಿಸಿದ್ದವರ ಬಾಯಿಂದ ಕೊನೆಗೆ ಬಂದದ್ದು, "ಮೇಸ್ತ್ರಿ, ನನ್ನದು ತಪ್ಪಾಯ್ತು," ಅಷ್ಟೇ.

ಬಡಗಿಯವರು ಅದನ್ನು ಊದಿ, ಅಂಗಿಗೆ ಒರೆಸಿ, ಭಾವನ ಅಂಗೈಯಲ್ಲಿಟ್ಟರು. ಬೆರಳ ತುದಿಯಷ್ಟು ಚಿಕ್ಕ ಮರದ ಮುಚ್ಚಳ. ನೆತ್ತಿಯ ಮೇಲೆ ಒಂದು ಎಂಬ ಅಂಕಿ ಕೆತ್ತಿತ್ತು.

"ಕಳೆದುಹೋಯ್ತಲ್ಲ, ಅದಕ್ಕೆ. ಒತ್ತಿ ಕೂರಿಸಿದ್ರೆ ಸಾಕು. ಧೂಳು ಹೋಗಲ್ಲ."

ಮಾತು ಹೊರಡದಾಗ ಭಾವನಿಗೆ ಗೊತ್ತಿರುವುದು ಒಂದೇ ಕೆಲಸ. ಜೇಬಿನಿಂದ ಪುಟ್ಟ ಅಳತೆಪಟ್ಟಿ ತೆಗೆದು ಮುಚ್ಚಳದ ಅಗಲಕ್ಕೆ ಹಿಡಿದರು. ಹಿಡಿದವರು ಥಟ್ಟನೆ ನಾಚಿ, ಪಟ್ಟಿಯನ್ನು ಜೇಬಿಗೆ ತುರುಕಲು ನೋಡಿದರು.

ಬಡಗಿಯವರು ಅಟ್ಟದಿಂದ ಹಲಗೆ ಇಳಿಸುತ್ತಿದ್ದರು. "ಯಾಕೆ ನಿಲ್ಲಿಸಿದ್ರಿ? ಇನ್ನೂ ಎರಡು ಸಲ ಅಳೀರಿ ಸಾರ್. ಮರ ಸೋರಲ್ಲ."

ಭಾವ ಅಳೆದರು. ಮತ್ತೊಮ್ಮೆ ಅಳೆದರು. ಅವರ ಕೈ ನಿಜವಾಗಿಯೂ ನಡುಗುತ್ತಿತ್ತು.

"ಎಷ್ಟು ಬಂತು?"

"ಮೂರೂ ಒಂದೇ," ಎಂದರು ಭಾವ, ಕಣ್ಣೊರೆಸಿಕೊಂಡು.

ಬಡಗಿಯವರು ಕಿವಿ ಮುರಿದ ಬಿಳಿ ಕುದುರೆಯನ್ನು ಅದರ ಮನೆಯಲ್ಲಿ ನಿಲ್ಲಿಸಿ, ಭಾವನ ಕಡೆಗೆ ಕುರ್ಚಿ ತಳ್ಳಿದರು. "ಕೂತ್ಕೊಳ್ಳಿ. ಮೊದಲ ನಡೆ ನಿಮ್ಮದು."